ಎರಡನೇ ಡಿಸ್ಕಿಗೆ ಏಳಲು ಬಾರದು

ಟಕ್, ಟಕ್, ಕಿರ್ರ್. ಆ ಸದ್ದು ಇನ್ನೂ ಕಿವಿಯಲ್ಲಿದೆ. ಇಳಕಲ್ಲಿನಲ್ಲಿ ಬದುಕಿದವರಿಗೆ ಟಕ್ ಟಕ್ ಎಂದರೆ ಮಗ್ಗವೇ. ನಾನೂ ಎರಡು ದಿನ ಹಾಗೆಂದೇ ತಿಳಿದು ಹಾಯಾಗಿದ್ದೆ. ಸಾಯುತ್ತಿದ್ದದ್ದು ನನ್ನ ಕಂಪ್ಯೂಟರಿನ ಡಿಸ್ಕು.

ಗೊತ್ತಾದ ಮೇಲೂ ಹೆದರಲಿಲ್ಲ. ಎರಡು ಪೆನ್ಸಿಲ್, ಎರಡು ಕರ್ಚೀಫ್ ಇಟ್ಟುಕೊಳ್ಳುವ ಡಿಸಿಪ್ಲಿನ್ ಅನ್ನು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಅದೇ ಚಾಳಿಯಲ್ಲಿ, ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ ಇಂಗ್ಲಿಷ್ ಮ್ಯಾನ್ಯುಯಲ್ ಓದಿ, ಕಂಪ್ಯೂಟರಿಗೆ ಎರಡು ಡಿಸ್ಕು ಹಾಕಿ ಮಿರರ್ ಮಾಡಿದ್ದೆ. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಮೂಡುತ್ತದೆ; ಒಂದು ಸತ್ತರೆ ಇನ್ನೊಂದು ಸಂಸಾರ ನಡೆಸುತ್ತದೆ. ಇದನ್ನು ಹೇಳಿಕೊಳ್ಳದೆ ಬಿಟ್ಟ ಮನೆ ನಮ್ಮ ಓಣಿಯಲ್ಲಿಲ್ಲ.

ಆ ಡಿಸ್ಕುಗಳಲ್ಲಿ ಇದ್ದದ್ದು ಪಕ್ಕದ ಮನೆಯ ಗಂಗವ್ವನ ತಲೆ. ಅಂದರೆ, ಅವಳ ಅತ್ತೆ ಕಲಿಸಿದ ಹಳೆಯ ಸೀರೆದಡಿಗಳ ಎಳೆ ಎಣಿಕೆ: ಎಷ್ಟು ಕೆಂಪಾದ ಮೇಲೆ ಎಷ್ಟು ಹಳದಿ ಎಂಬುದು. ಕಣ್ಣು ಮಂಜಾದ ಮೇಲೆ ಅವಳು ಹೇಳುತ್ತ ಹೋದಳು, ನಾನು ಟೈಪ್ ಮಾಡುತ್ತ ಹೋದೆ. ಈಚೆಗೆ ಅವಳಿಗೆ ಮರೆವು ಬೇರೆ. ಒಂದು ದಡಿಯ ನಡುವೆಯೇ ನಿಂತುಬಿಟ್ಟಿದ್ದಳು. ಈಗ ಬಾದಾಮಿಯ ಮಗಳ ಮನೆಗೆ ಹೊರಟಿದ್ದಳು. ಮಗಳೂ ನೇಯುವವಳು, ಅವಳಿಗಾಗಿ ಪ್ರಿಂಟು ಮಧ್ಯಾಹ್ನದ ಬಸ್ಸಿಗೆ ಮೊದಲೇ ಬೇಕಿತ್ತು.

ಸತ್ತ ಡಿಸ್ಕನ್ನು ತೆಗೆದು ಠೀವಿಯಿಂದ ಬಟನ್ ಒತ್ತಿದೆ. ಕಪ್ಪು ಪರದೆ. ಬೂಟ್ ಮಾಡಲು ಏನೂ ಇಲ್ಲವಂತೆ. ಗಂಗವ್ವ ಚೀಲ ಹಿಡಿದು ಕೂತೇ ಇದ್ದಳು. ಮ್ಯಾನ್ಯುಯಲ್ಲಿನ ಕೊನೆಯ ಪುಟದಲ್ಲಿ ಉತ್ತರ ಸಿಕ್ಕಿತು. ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮು ಮಿರರಿಗೆ ಸೇರುವುದಿಲ್ಲ, ಅದನ್ನು ಎರಡೂ ಡಿಸ್ಕಿಗೆ ಬೇರೆಬೇರೆಯಾಗಿ ಹಾಕಬೇಕಿತ್ತು. ನಾನು ಮೊದಲನೆಯದಕ್ಕೆ ಹಾಕಿ, ಮಿರರ್ ಇದೆಯಲ್ಲ, ತಾನೇ ಮೂಡುತ್ತದೆಂದು ಚಹಾಕ್ಕೆ ಎದ್ದು ಹೋಗಿದ್ದೆ. ಒಂದು ಡಿಸ್ಕು ತೆಗೆದು ಟೆಸ್ಟ್ ಕೂಡ ಮಾಡಿರಲಿಲ್ಲ. ಮಕ್ಕಳಿಗೆ ವಾರಕ್ಕೊಂದು ಟೆಸ್ಟ್ ಕೊಟ್ಟ ಮಹಾತಾಯಿ!

ಇದನ್ನು ಗಂಗವ್ವನಿಗೆ ವಿವರಿಸಲು ಎರಡು ಭಾಷೆಯಲ್ಲಿ ತಡಕಾಡಿದೆ. ಅವಳಿಗೆ ಆಗಲೇ ತಿಳಿದಿತ್ತು.

“ಹಳೇ ಹಾಸಿನ ಉದ್ದೆಳಿ ತುದಿ ಮಗ್ಗದಾಗ ಬಿಡಲಾರದ ಪೂರಾ ಕತ್ತರಿಸೀರಿ ಅನ್ರಿ. ಹೊಸಾ ಹಾಸು ಯಾವುದಕ್ಕ ಗಂಟ ಹಾಕೂದು? ನಾನೂ ಹಿಂಗ ಮಾಡಿದ್ದಕ್ಕ ನಮ್ಮತ್ತಿ ಎರಡ ದಿನ ನನ್ನ ಮಾತಾಡ್ಸಿದ್ದಿಲ್ಲ, ಅಕ್ಕೋರ.”

“ನೀ ಮಾತು ಬಿಡಬ್ಯಾಡ ನಮ್ಮವ್ವಾ.”

“ನಾ ಯಾಕ ಬಿಡ್ಲಿ? ಬಸ್ಸು ಬಿಡತೈತಿ, ಲಗೂನ ಮಾಡ್ರಿ.”

ಪೆನ್ ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿ, ಉಳಿದ ಡಿಸ್ಕಿಗೆ ಆ ಪ್ರೋಗ್ರಾಮು ಹಾಕಿದೆ. ಎದ್ದಿತು. ಒಂದು ಎಳೆಯೂ ಕಳೆದಿರಲಿಲ್ಲ. ಪ್ರಿಂಟು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆವು.

ಗಂಗವ್ವ ಬಸ್ಸಿನ ಕಿಟಕಿಯ ಪಕ್ಕ ಕೂತು, ಕಾಗದ ಮಡಚಿ ಚೀಲಕ್ಕಿಟ್ಟು, ದೊಡ್ಡ ದಡಿಯ ಎಣಿಕೆ ಒಮ್ಮೆ ಬಾಯಲ್ಲಿ ಹೇಳಿ ಎಂದಳು. ತಿಂಗಳುಗಟ್ಟಲೆ ಟೈಪ್ ಮಾಡಿದವಳಲ್ಲವೆ ನಾನು? ಕೆಂಪು ಎಂಟು, ಬಿಳಿ ಎರಡು ಎಂದೆ. ಮುಂದೆ ತೋಚಲಿಲ್ಲ, ಹಳದಿ ನಾಲ್ಕು ಎಂದು ಫುಲ್ ಕಾನ್ಫಿಡೆನ್ಸಿನಿಂದ ಗುಂಡು ಹೊಡೆದೆ. ಅಷ್ಟರಲ್ಲಿ ಬಸ್ಸು ಹೊರಟಿತು. ಗಂಗವ್ವ ಕಿಟಕಿಯಿಂದ ಕೈ ಚಾಚಿದಳು. ಬೀಳ್ಕೊಡುತ್ತಿದ್ದಾಳೆಂದು ನಾನೂ ಕೈ ಬೀಸಿದೆ, ಕಣ್ಣೊರೆಸಿಕೊಂಡು ಮತ್ತೆ ಬೀಸಿದೆ. ನಾನು ಅವಳನ್ನು ಕಂಡದ್ದು ಅದೇ ಕೊನೆ: ಅವಳು ಕೈ ಬೀಸುತ್ತಿರಲಿಲ್ಲ, ಬಸ್ಸು ತಿರುಗಿ ಮರೆಯಾಗುವವರೆಗೂ ಮೂರು ಬೆರಳು ತೋರಿಸುತ್ತಿದ್ದಳು.