ಗುಡಿಯಿಂದ ಬಾರಿನವರೆಗೆ ಸೀರೆ ಹಾಸಿದ ಮಾವ

ನಮ್ಮ ದೊಡ್ಡ ಮಾವನಿಗೆ, ಅಂದರೆ ನನ್ನ ಅವ್ವನ ಅಣ್ಣನಿಗೆ, ಹೆಂಡದಂಗಡಿಯ ಹುಚ್ಚು. ಗಾಬರಿಯಾಗಬೇಡಿ! ಜೀವಮಾನದಲ್ಲಿ ಒಂದು ಹನಿ ನಾಲಿಗೆಗೆ ಹಚ್ಚಿದವನಲ್ಲ. ಬಾಗಲಕೋಟೆಯ ಅಬಕಾರಿ ಕಚೇರಿಯಲ್ಲಿ ಕಾರಕೂನನಾಗಿ ಸವೆದು, ನಿವೃತ್ತನಾಗಿ ಇಳಕಲ್ಲಿಗೆ ಮರಳಿದವನು. ಮಂದಿಗೆ ಸೆರೆ ಏರುತ್ತದೆ, ಇವನಿಗೆ ಸೆರೆಯಂಗಡಿಯ ಕಾಯಿದೆ ಏರಿದೆ, ಅಷ್ಟೆ.

ಎಲ್ಲಿ ಕೂತರೂ ಅದೇ ಪುರಾಣ. ನನ್ನನ್ನು ನೋಡಲು ಕೆರೂರಿನಿಂದ ಗಂಡಿನವರು ಬಂದಾಗ ಅವಲಕ್ಕಿ ತಟ್ಟೆ ಹಿಡಿದುಕೊಂಡೇ ಶುರು ಮಾಡಿದ. "ಮುಂಬಯಿ ಸರಕಾರ ಇದ್ದಾಗ ಅಂಗಡಿಗಷ್ಟ ಅಲ್ರಿ, ಕುಡಿಯಾಂವಗೂ ಪರ್ಮಿಟ್ ಬೇಕಿತ್ತು! 'ಕುಡೀದಿದ್ರ ಇಂವಗ ತ್ರಾಸ ಆಗತೈತಿ' ಅಂತ ಡಾಕ್ಟರ ಬರದ ಕೊಡಬೇಕಿತ್ತು!" ಗಂಡಿನವರು ಮುಖ ಮುಖ ನೋಡಿಕೊಂಡರು. ಇಷ್ಟು ತಿಳಿದವನು ಎಷ್ಟು ಕುಡಿದಿರಬೇಡ? ಅಷ್ಟರಲ್ಲಿ ಮೂಲೆಯಲ್ಲಿ ತೂಕಡಿಸುತ್ತಿದ್ದ ಅವರ ಅಜ್ಜ ಕಣ್ಣರಳಿಸಿ, "ಖರೆ ಐತಿ ತಮ್ಮಾ, ನನ್ನ ಕಡೆನೂ ಇತ್ತು ಆ ಪರ್ಮಿಟ್ಟು!" ಅಂದುಬಿಟ್ಟರು! ಆಮೇಲೆ ಅವರು ನಮ್ಮನ್ನು ಏನೂ ಕೇಳಲಿಲ್ಲ. ಲಗ್ನ ಸುಸೂತ್ರವಾಗಿ ಆಯಿತು.

ಆದರೆ ಮುಂದಿನದು ಬರೀ ನಗುವ ಮಾತಲ್ಲ. ಇವನ ತಮ್ಮ, ನಮ್ಮ ಸಣ್ಣ ಮಾವ, ಒಳ್ಳೆಯ ನೇಕಾರ. ಕುಡಿತಕ್ಕೆ ಬಿದ್ದು ಮಗ್ಗ ಮರೆತಿದ್ದ. ಹೋದ ವರ್ಷ ಹೇಗೋ ಬಿಟ್ಟು ಮತ್ತೆ ಮಗ್ಗಕ್ಕೆ ಕೂತ. ಮನೆಯವರೆಲ್ಲ ಉಸಿರು ಬಿಡುವಷ್ಟರಲ್ಲಿ, ಅವನು ಮಗ್ಗದಿಂದ ಮನೆಗೆ ಬರುವ ದಾರಿಯಲ್ಲೇ ಯಾರೋ ಒಂದು ಬಾರು ತೆರೆಯಬೇಕೇ! ಅದನ್ನು ದಾಟಿ ಬಂದಾನೋ ಇಲ್ಲವೋ ಎಂಬುದೇ ಎಲ್ಲರ ಚಿಂತೆ.

"ಗುಡಿಯಿಂದ ನೂರು ಮೀಟರ್ ಒಳಗ ಇದ್ರ ಲೈಸೆನ್ಸ್ ರದ್ದ!" ಎಂದು ದೊಡ್ಡ ಮಾವ ಎದ್ದ. ಟೇಪು ತಂದುಕೊಟ್ಟರೆ ಬೇಡವೆಂದ. "ಟೇಪ ಸುಳ್ಳ ಹೇಳೀತು. ಇದು ನನ್ನ ತಮ್ಮ ನೇಯ್ದ ಸೀರಿ, ಒಂದ ಬೆರಳ ಹೆಚ್ಚಿಲ್ಲ, ಕಡಿಮಿಲ್ಲ." ಹೆಂಡತಿಯ ಹೊಸ ಇಳಕಲ್ ಸೀರೆಯನ್ನು ಹನುಮಪ್ಪನ ಗುಡಿಯ ಬಾಗಿಲಿನಿಂದ ರಸ್ತೆಗುಂಟ ಹಾಸುತ್ತ, ಎತ್ತುತ್ತ, ಮತ್ತೆ ಹಾಸುತ್ತ ಹೊರಟ. ಓಣಿಗೆ ಓಣಿಯೇ ಬೆನ್ನು ಹತ್ತಿತು. ಹಿಂದಿನಿಂದ ಅತ್ತೆ, "ಅಯ್ಯ, ನನ್ನ ಸೆರಗೆಲ್ಲಾ ಧೂಳಾತು! ಸೀರಿ ಹಾಸಿ ರಸ್ತಾ ಅಳಿಯೂದು ಯಾವ ಕಾಯಿದಾದಾಗ ಐತ್ರಿ?" ಬಾರಿನ ಬಾಗಿಲು ಮುಟ್ಟಿ, ಲೆಕ್ಕ ಹಾಕಿ, ಮಾವ ಗಟ್ಟಿಯಾಗಿ ಸಾರಿದ: "ದೂರ ಬರೋಬ್ಬರಿ ಐತಿ! ಕಾಯಿದಾ ಪ್ರಕಾರ ಏನೂ ತಪ್ಪಿಲ್ಲ!" ಇಂಥವನನ್ನು ಏನೆನ್ನಬೇಕು? ಓಣಿಯವರೆಲ್ಲ ಬೈದರು. ಬಾರಿನವನು ಮಾತ್ರ ಖುಷಿಯಾಗಿ ಸೋಡಾ ಕೊಡಿಸಲು ಬಂದ!

"ಇನ್ನೇನ್ ಮಾಡ್ತಿ ಮಾವಾ?" ಎಂದು ಕೇಳಿದೆ.

"ಅಂಗಡಿ ಸರಿಯೂದಿಲ್ಲಂದ್ರ ನಾವ ಸರಿಯೂದು," ಅಂದ.

ಅಂದಿನಿಂದ ದಿನಾ ಸಂಜೆ ಮಗ್ಗದ ಬಾಗಿಲಿಗೆ ಹೋಗಿ, ಮೊಣಕಾಲು ನೋವಿನಲ್ಲಿ ಕುಂಟುತ್ತಲೇ ತಮ್ಮನನ್ನು ಬಾರಿನ ದಾರಿ ತಪ್ಪಿಸಿ, ಊರು ಸುತ್ತಿಸಿ ಮನೆಗೆ ಕರೆತರುತ್ತಾನೆ. ದಾರಿಯುದ್ದಕ್ಕೂ ಬ್ರಿಟಿಷರ ಕಾಲದಲ್ಲಿ ಹೆಂಡದಂಗಡಿ ಹರಾಜು ಆಗುತ್ತಿದ್ದ ಕಥೆ. ಬೇರೆ ಏನನ್ನೂ ನೆನೆಯಲು ತಮ್ಮನಿಗೆ ಪುರುಸೊತ್ತೇ ಇಲ್ಲ! ಮೊನ್ನೆ ನಾನೂ ಜೊತೆಗಿದ್ದೆ. ಸಣ್ಣ ಮಾವ ನಿಂತುಬಿಟ್ಟ. "ಅಣ್ಣಾ, ಇವತ್ತ ನೆಟ್ಟಗ ಹೋಗೂಣು. ನಿನ್ನ ಮೊಣಕಾಲ ಭಾಳ ನೋಯಾಕತ್ತಾವ."

ಬಾರು ಬಂತು. ಅದೇ ಮೊದಲ ಸಲ ದೊಡ್ಡ ಮಾವನ ಬಾಯಿಗೆ ಒಂದು ಕಾಯಿದೆಯೂ ಬರಲಿಲ್ಲ. ತಮ್ಮನ ಕೈ ಹಿಡಿದುಕೊಂಡ. ಸಣ್ಣ ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ. ಎಷ್ಟೋ ದೂರ ಬಂದ ಮೇಲೆ, "ದಾಟಿದ್ವಿ ಅಣ್ಣಾ, ಕೈ ಬಿಡು. ಮಂದಿ ನಗತಾರ," ಅಂದ.

"ನಗಲಿ," ಅಂದ ದೊಡ್ಡ ಮಾವ. ಕೈ ಬಿಡಲಿಲ್ಲ. ನನಗೋ ಕಣ್ಣು ತುಂಬಿ ದಾರಿಯೇ ಕಾಣಲಿಲ್ಲ.