ರಕ್ತದಾನದ ಪರದೆಯ ಹಿಂದೆ

ರಕ್ತ ಕೊಡಲು ಬಂದವರನ್ನು ಪರದೆಯ ಹಿಂದೆ ಕೂರಿಸಿಕೊಂಡು ಖಾಸಗಿ ಪ್ರಶ್ನೆ ಕೇಳುವುದು ನನ್ನ ಕೆಲಸವಾಗಿತ್ತು. ನಗು ತಡೆದುಕೊಳ್ಳುವುದೂ ಅದರ ಒಂದು ಭಾಗವೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ನಮ್ಮ ರಕ್ತನಿಧಿಯ ವ್ಯಾನು ಎಲ್ಲಿಗೆ ಹೋದರೂ ನಗು ಬರಿಸುವಂಥದ್ದೊಂದು ನಡೆಯದೆ ವಾಪಸು ಬಂದದ್ದು ಕಡಿಮೆ. ನಿವೃತ್ತಿಯಾದ ಮೇಲೂ ಎಲ್ಲಾದರೂ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದರೆ ಶಿಬಿರ ನಡೆಯುತ್ತಿದ್ದ ಶಾಲೆಗಳ ಬೆಂಚುಗಳು ನೆನಪಾಗಿ ಒಬ್ಬಳೇ ನಗುತ್ತೇನೆ.

ಸಂಬಂಧ

ಬಿಳಿಚೋಡಿನ ಶಿಬಿರ. ನಾನು ಆಗ ಕೆಲಸಕ್ಕೆ ಹೊಸಬಳು. ಕುರಿ ಸಾಕುವ ಮನೆಯ ಯುವಕನೊಬ್ಬ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕೂತ. ಎಚ್‌ಐವಿ ಅಪಾಯದ ಬಗ್ಗೆ ಕೇಳಲೇಬೇಕಾದ ಪ್ರಶ್ನೆಯನ್ನು ನೇರವಾಗಿ ಕೇಳಲು ನನಗೆ ನಾಚಿಕೆ. ಹೊರಗಡೆ ಸಂಬಂಧ ಏನಾದರೂ ಐತೇನಪ್ಪಾ ಅಂದೆ.

"ಐತ್ರೀ ಮೇಡಂ. ದೊಡ್ಡಕ್ಕನ್ನ ಉಬ್ರಾಣಿಗೆ ಕೊಟ್ಟೀವಿ, ಸಣ್ಣಕ್ಕನ್ನ ಸವಳಂಗಕ್ಕೆ. ನನಗೂ ಹೊರಗಡೆನೇ ನೋಡ್ತಾ ಅದಾರೆ. ನಿಮ್ಮ ಕಡೆ ಯಾವುದಾದ್ರೂ ಇದ್ರೆ ಹೇಳ್ರಿ."

ಸೂಜಿ

ಹೊನ್ನಾಳಿಯಲ್ಲಿ ಒಬ್ಬ ಟೈಲರ್ ಸಾಹೇಬರು. ಸೂಜಿಯಿಂದ ರೋಗ ಬಂದೀತು ಅನ್ನುವ ಅನುಮಾನ ಅವರಿಗೆ. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸುವುದಿಲ್ಲ ಎಂದು ಹೇಳಿ, ಹೊಸ ಪ್ಯಾಕೆಟ್ಟನ್ನು ಅವರ ಎದುರಿಗೇ ಒಡೆದು ತೋರಿಸಿದೆ. ಅನುಮಾನ ಹೋಯಿತು, ತೋಳು ಮಾತ್ರ ಚಾಚಲಿಲ್ಲ. ದಿನವೂ ಸೂಜಿ ಹಿಡಿಯುವವರಿಗೆ ಇದೆಂಥ ಭಯ ಅಂತ ಕೇಳಿದೆ.

"ನಮ್ಮ ಸೂಜಿ ಹೇಳದೆ ಕೇಳದೆ ಚುಚ್ಚುತ್ತೆ ಮೇಡಂ. ನಿಮ್ಮದು ಹೇಳಿ ಚುಚ್ಚುತ್ತಲ್ಲ, ಅದಕ್ಕೇ ಭಯ."

ಬಿಪಿ

ಇದು ಯಾವ ಊರಿನದು ಅಂತ ಹೇಳುವುದಿಲ್ಲ. ಗೂಡ್ಸ್ ಗಾಡಿ ಓಡಿಸುವವರೆಲ್ಲ ಸೇರಿ ನಡೆಸಿದ ಶಿಬಿರ. ಅವರಲ್ಲೊಬ್ಬ ಪರದೆಯ ಹಿಂದೆ ಬಂದು ದನಿ ತಗ್ಗಿಸಿ ಹೇಳಿದ: ಹೆಂಡತಿಗೆ ಎಚ್‌ಐವಿ ಐತೆ, ಚಿಕಿತ್ಸೆಯಲ್ಲಿ ಚೆನ್ನಾಗಿದ್ದಾಳೆ, ತನಗೆ ಬರದಿರಲಿ ಅಂತ ಡಾಕ್ಟರು ದಿನಾ ಒಂದು ಮಾತ್ರೆ ಕೊಟ್ಟಿದ್ದಾರೆ. ಹಾಗಾಗಿ ತನ್ನ ರಕ್ತ ಎಲ್ಲರಿಗಿಂತ ಸೇಫ್ ಅಲ್ಲವೇ ಅಂತ ಅವನ ಲೆಕ್ಕ.

ಮಾತ್ರೆ ಕಾಯುವುದು ನಿನ್ನನ್ನು, ಅದನ್ನು ಬಿಡಬೇಡ ಅಂದೆ. ಆದರೆ ಎಲ್ಲೋ ಸೋಂಕು ಈಗಷ್ಟೇ ತಗುಲಿದ್ದರೆ, ಆ ಮಾತ್ರೆಯಿಂದಾಗಿ ನಮ್ಮ ಪರೀಕ್ಷೆಗೆ ಅದು ಕಾಣದೆ ಹೋಗಬಹುದು. ಆ ರಕ್ತ ಯಾವುದೋ ಬಾಣಂತಿಗೆ ಹೋಗಬಹುದು ಅಂತ ವಿವರಿಸಿದೆ. "ಬ್ಯಾಡ ಬಿಡ್ರಿ ಮೇಡಂ. ಆದ್ರೆ ಹೊರಗೆ ನಮ್ಮ ಹುಡುಗ್ರು ಕುಂತಾರೆ. ಅವರಿಗೆ ಏನಂತ ಹೇಳಲಿ?" ಅಂದ. ಅವನ ಕಣ್ಣು ತುಂಬಿತ್ತು. ಬಿಪಿ ಜಾಸ್ತಿ ಐತೆ ಅಂತ ನಾನೇ ಹೊರಗೆ ಬಂದು ಹೇಳಿದೆ. ಹುಡುಗರು ನಂಬಿದರು.

ಮರುವರ್ಷ ಅಲ್ಲಿಗೇ ಹೋದರೆ, ರಕ್ತ ಕೊಡುವವರನ್ನು ತನ್ನ ಗಾಡಿಯಲ್ಲಿ ತುಂಬಿಕೊಂಡು ಬಂದವನು ಅವನೇ. ಗಂಡ ಹೆಂಡತಿ ಇಬ್ಬರೂ ಆರಾಮಾಗಿದ್ದಾರೆ, ಮಾತ್ರೆ ಒಂದು ದಿನವೂ ತಪ್ಪಿಲ್ಲ ಅಂದ. ನನ್ನ ಮನಸ್ಸು ತುಂಬಿ ಬಂತು. ಅಷ್ಟರಲ್ಲಿ ಅವನು ಆಚೀಚೆ ನೋಡಿ ಹತ್ತಿರ ಬಂದ.

"ಮೇಡಂ, ಈ ಸಲ ಬ್ಯಾರೆ ಯಾವುದಾದ್ರೂ ಕಾಯಿಲೆ ಹೇಳ್ರಿ. ನೀವು ಬಿಪಿ ಅಂದಾಗಿಂದ ನಮ್ಮವ್ವ ನನಗೆ ಉಪ್ಪಿನಕಾಯಿ ಮುಟ್ಟಾಕೆ ಬಿಟ್ಟಿಲ್ಲ."