ಕ್ಯಾಮೆರಾಕ್ಕೂ ಸೆರಗು ಹೊದೆಯುವ ನೆಗೆಣ್ಣಿ

ಪೊಲೀಸರ ಕ್ಯಾಮೆರಾ ಕಂಡರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವ ಹೆಂಗಸು ಇಡೀ ರೋಣದಲ್ಲಿ ಒಬ್ಬಳೇ ಇದ್ದಾಳೆ. ಆಕೆ ನನ್ನ ನೆಗೆಣ್ಣಿ! ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಬಾಯಲ್ಲಿ ನಾನು ಅಕ್ಕ ಎನ್ನುತ್ತೇನೆ. ಹೊಟ್ಟೆಯೊಳಗೆ ಏನೆನ್ನುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ. ನಾನು ಸೂಡಿಯ ಶಾಲೆಯಲ್ಲಿ ಟೀಚರು, ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ, ಯಾರಿಗೆ ಏನು ಕೇಳಬೇಕಾದರೂ ಆಕೆಯ ಕಟ್ಟೆಯೇ ಬೇಕು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಆಕೆಯ ಮನೆ ಸರ್ಕಲ್ಲಿನಲ್ಲಿ, ನನ್ನದು ಹಿಂದಿನ ಓಣಿಯಲ್ಲಿ. ಊರಿಗೆ ಕ್ಯಾಮೆರಾ ಬಂದಾಗ ಅದನ್ನು ಕೂಡ್ರಿಸಿದ್ದೂ ಆಕೆಯ ಮನೆಯೆದುರಿನ ಕಂಬಕ್ಕೇ! ಮರುದಿನದಿಂದ ಅಕ್ಕ ಕಟ್ಟೆಗೆ ಬರುವಾಗ ಸೆರಗು ಹೊದೆಯತೊಡಗಿದಳು. ಕಾಲು ಚಾಚಿ ಕೂಡುವುದು ಬಂದ್.

“ಯಾಕಕ್ಕಾ, ಕಂಬಕ್ಕ ಸೆರಗ ಹೊದೀತಿ?” ಎಂದು ನಕ್ಕೆ.

“ಕಂಬಕ್ಕಲ್ಲ ಯವ್ವಾ, ಅದರ ಹಿಂದ ಕುಂತು ನೋಡ್ತಾರಲ್ಲ, ಅವರಿಗೆ. ಅವರಾಗ ಯಾರರೆ ಹಿರ್ಯಾರು ಇರ್ತಾರ. ನಮಗ ಅವರು ಕಾಣೂದಿಲ್ಲಂತ ಮರ್ಯಾದಿ ಬಿಡಾಕ ಬರ್ತೈತೇನು?”

ಅಷ್ಟಕ್ಕೇ ಮುಗಿಯಲಿಲ್ಲ. ಬೆಳಿಗ್ಗೆ ಎದ್ದು ಕಂಬದ ಕಡೆ ಮುಖ ಮಾಡಿ “ಚಾ ಆತೇನ್ರಿ?” ಎಂದು ಕೇಳುವುದು ಶುರುವಾಯಿತು. ಅದೇ ಹೊತ್ತಿಗೆ ನಾನು ಸೂಡಿಯ ಮೇಲೆ ಹೋಗುವ ಗಜೇಂದ್ರಗಡದ ಬಸ್ಸಿಗಾಗಿ ಆ ಕಟ್ಟೆಯೆದುರೇ ನಿಂತಿರುತ್ತೇನೆ. ಕಂಬಕ್ಕೆ ಚಹಾ ಕೇಳುವವಳು ನನಗೆ ಹೇಳುವುದು ಎರಡೇ ಮಾತು: “ಬಸ್ ಬಂತು, ಲಗೂ ಹತ್ತು.” ನಾನೇನು ಆ ಕಂಬಕ್ಕಿಂತ ಕಡೆಯೇ?

ರವಿವಾರ ಓಣಿಯ ಹೆಂಗಸರು ತಲೆ ಎರೆದುಕೊಂಡು ಆಕೆಯ ಕಟ್ಟೆಯ ಮೇಲೆ ಕೂದಲು ಆರಿಸಲು ಕೂಡುವುದು ಹಳೆಯ ರೂಢಿ. ಅತ್ತೆಯರ ವಿಚಾರಣೆಯೆಲ್ಲ ನಡೆಯುವುದು ಅಲ್ಲೇ. ಒಂದು ರವಿವಾರ ಅಕ್ಕ ಅದೇ ಕಂಬದಿಂದ ತನ್ನ ಮನೆಗೆ ಹಗ್ಗ ಬಿಗಿದು ಹಳೆಯ ಸೀರೆಗಳ ತೇಪೆ ಹಚ್ಚಿ ಹೊಲಿದ ದೊಡ್ಡದೊಂದು ಕೌದಿ ಇಳಿಬಿಟ್ಟಳು. ನಮ್ಮ ಕೂದಲ ಜೊತೆಗೆ ಅರ್ಧ ಸರ್ಕಲ್ಲೂ ಕ್ಯಾಮೆರಾಕ್ಕೆ ಮರೆಯಾಯಿತು. ಕಾನ್‌ಸ್ಟೇಬಲ್ ಓಡಿ ಬಂದರು.

“ಅವ್ವಾರ, ಕೌದಿ ತಗೀರಿ, ಸರ್ಕಲ್ ಕಾಣವಲ್ತು.”

“ಕಳ್ಳರನ್ನ ನೋಡ್ರಿ, ಬ್ಯಾಡ ಅನ್ನೂದಿಲ್ಲ. ಹೆಣ್ಮಕ್ಕಳು ಕೂದಲಾ ಆರಿಸೂದನ್ನ ನೋಡಿ ಸರ್ಕಾರ ಏನು ಮಾಡತೈತ್ರಿ? ವಾರಕ್ಕ ಒಂದ ತಾಸು ನಿಮ್ಮ ಕ್ಯಾಮೆರಾಕ್ಕ ಸೂಟಿ ಕೊಡ್ರಿ. ಅಷ್ಟೊತ್ತು ಸರ್ಕಲ್ ನಾ ನೋಡ್ತೀನಿ!”

ಅವರು ಬೈಯಬಹುದೆಂದು ನಾನು ಆಸೆಯಿಂದ ಕಾದೆ. ಎಲ್ಲಿ ಬೈದರು? ನಕ್ಕು, ಚಹಾ ಕುಡಿದು ಹೋದರು.

ಮುಂದಿನ ರವಿವಾರ ಅದೇ ತಾಸಿನಲ್ಲಿ ಮೆಣಸಗಿ ಊರಿನವರೊಬ್ಬರ ಬೈಕು ಕಳುವಾಗಬೇಕೇ! ಕ್ಯಾಮೆರಾದಲ್ಲಿ ನೋಡಿದರೆ ಬರೀ ಕೌದಿಯ ತೇಪೆಗಳು. ಈಗ ಸಿಕ್ಕಿಬಿದ್ದಳು ಎಂದು ನಾನು ಒಳಗೊಳಗೇ ಕುಣಿದೆ. ಅಕ್ಕ ಮಾತ್ರ ಪೊಲೀಸರ ಮುಂದೆ ನಿಂತು, “ಹಳದಿ ಅಂಗಿಯಾಂವ. ನರಗುಂದದ ಹಾದಿ ಹಿಡದಾನ. ಗಾಡಿ ಹತ್ತೂ ಮುಂದ ಕಾಲು ಎತ್ತಾಕ ಒದ್ದಾಡಿದ, ಮಣಕಾಲ ಬ್ಯಾನಿ ಇರಬೇಕ್ರಿ” ಎಂದಳು. ಸಂಜೆಯೊಳಗೆ ನರಗುಂದದಲ್ಲಿ ಕುಂಟುತ್ತಿದ್ದ ಹಳದಿ ಅಂಗಿಯವನು ಬೈಕಿನ ಸಮೇತ ಸಿಕ್ಕ. ಅಕ್ಕನಿಗೆ ಠಾಣೆಯಲ್ಲಿ ಶಾಲು ಹೊದಿಸಿದರು. ಇಷ್ಟು ವರ್ಷ ಮಕ್ಕಳಿಗೆ ಮಗ್ಗಿ ಕಲಿಸಿದ ನನಗೆ ಯಾರೂ ಒಂದು ಟವೆಲ್ಲನ್ನೂ ಹೊದಿಸಿಲ್ಲ!

ಆ ಸಿಟ್ಟಿಗೆ ನಾನೂ ನನ್ನ ಮನೆಯ ಬಾಗಿಲಿಗೆ ಒಂದು ಕ್ಯಾಮೆರಾ ಹಾಕಿಸಿದೆ. ಶಾಲೆಯ ಬಿಡುವಿನಲ್ಲಿ ಮೊಬೈಲಿನಲ್ಲಿ ನೋಡುವುದೇ ನೋಡುವುದು. ಒಂದು ತಿಂಗಳಲ್ಲಿ ಪತ್ತೆಯಾದ ಗುಟ್ಟು ಒಂದೇ ಒಂದು: ನಾನು ಕಟ್ಟಿಟ್ಟ ಡಬ್ಬಿಯನ್ನು ನಾಯಿಗೆ ಹಾಕಿ, ನನ್ನ ಗಂಡ ಮಧ್ಯಾಹ್ನದ ರೊಟ್ಟಿಗೆ ಅಕ್ಕನ ಮನೆಗೆ ಹೋಗುತ್ತಾನೆ. ಆ ನಾಯಿಯೂ ಮೂಸಿ ನೋಡಿ ಅವನ ಹಿಂದೆಯೇ ಹೋಗುತ್ತದೆ!

ಇನ್ನು ತಡೆಯಲಾಗಲಿಲ್ಲ. ಆ ಕ್ಯಾಮೆರಾ ಅಕ್ಕನ ಕಟ್ಟೆಯಿಂದ ಆಚೆ ತಿರುಗಲೇಬೇಕು ಎಂದು ಹಟ ಹಿಡಿದೆ. ಅದು ತಿರುಗಿದರೆ ಶಾಲಿಲ್ಲ, ಪೊಲೀಸರ ಸಲಾಮಿಲ್ಲ, ಆಕೆ ನಮ್ಮ ಹಾಗೆಯೇ ಸಾದಾ ಹೆಂಗಸು. ‘ಮಹಿಳೆಯರ ಖಾಸಗಿತನಕ್ಕೆ ಧಕ್ಕೆಯಾಗುತ್ತಿದೆ’ ಎಂದು ದುಂಡು ಅಕ್ಷರದಲ್ಲಿ ಎರಡು ಪುಟ ಅರ್ಜಿ ಬರೆದು ಠಾಣೆಗೆ ಕೊಟ್ಟೆ. ಖಾಸಗಿತನದ ಚಿಂತೆ ನನಗೆ ಎಷ್ಟಿತ್ತು ಎಂಬುದು ಈಗಾಗಲೇ ನಿಮಗೆ ಗೊತ್ತಾಗಿರಬೇಕು.

ನಾಲ್ಕು ದಿನ ಬಿಟ್ಟು ಅದೇ ಕಾನ್‌ಸ್ಟೇಬಲ್ ಕರೆಸಿದರು. “ನಿಮ್ಮ ಮಾತು ಖರೇ ಐತ್ರಿ ಟೀಚರ. ಇವತ್ತು ಮುಂಜಾನಿ ರೆಕಾರ್ಡಿಂಗ್ ಹಚ್ಚೇನಿ, ಯಾವ ಕಡೆ ತಿರುಗಸಬೇಕು ನೀವ ನೋಡಿ ಹೇಳ್ರಿ.”

ಕೂತು ನೋಡಿದೆ. ಪರದೆಯ ಮೇಲೆ ನಾನು, ಕೈಯಲ್ಲಿ ಚೀಲ, ಮುಖ ಗಂಟು. ಬಸ್ಸು ಬಂತು. ಅಕ್ಕನ ಬಾಯಿ ಅಲ್ಲಾಡಿತು, ನಾನು ಹತ್ತಿದೆ, ಬಸ್ಸು ಹೊರಟಿತು. ಇನ್ನೇನು ನೋಡುವುದಿದೆ ಎಂದು ಏಳುವಷ್ಟರಲ್ಲಿ ಅಕ್ಕ ಕಟ್ಟೆಯಿಳಿದು ರಸ್ತೆಗೆ ಬಂದಳು. ಬಸ್ಸು ಹೋದ ದಿಕ್ಕಿಗೆ ಎರಡೂ ಕೈ ಚಾಚಿ ನಿವಾಳಿಸಿ, ಕಿವಿಯ ಪಕ್ಕ ಒತ್ತಿ ನೆಟಿಗೆ ಮುರಿದಳು, ಕೂಸಿಗೆ ದೃಷ್ಟಿ ತೆಗೆಯುವ ತಾಯಿಯಂತೆ. ಬಸ್ಸು ಮರೆಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.

“ಸಾಲಿ ಇದ್ದ ದಿನಾ ಎಲ್ಲಾ ಹಿಂಗ ಮಾಡ್ತಾರ್ರಿ” ಎಂದರು ಕಾನ್‌ಸ್ಟೇಬಲ್. “ಯಾರಿಗ್ರಿ ಅಂತ ಒಮ್ಮೆ ಕೇಳಿದ್ದೆ. ‘ನಮ್ಮ ತಂಗೀಗ್ರಿ. ಓದಿದಾಕಿ, ನಾಕು ಮಂದಿ ಕಣ್ಣಾಗ ಬೀಳ್ತಾಳ. ಆಕಿಗೆ ಹೇಳಬ್ಯಾಡ್ರಿ, ನಗ್ತಾಳ’ ಅಂದ್ರು.”

ನನಗೆ ನಗು ಬರಲಿಲ್ಲ. ಅಳು ಬಂತು, ಅದೂ ಪೊಲೀಸ್ ಠಾಣೆಯಲ್ಲಿ! ಅರ್ಜಿ ವಾಪಸ್ ಕೊಡಿ ಎಂದೆ. ಆ ಕಟ್ಟೆಯ ಮುಂದೆ ಯಾರೂ ನೋಡಬಾರದಂಥದ್ದು ನಿಜವಾಗಿಯೂ ಒಂದಿತ್ತು. ಅದನ್ನು ಕದ್ದು ನೋಡಿದವಳು ನಾನೇ.

ಈಗಲೂ ಬೆಳಿಗ್ಗೆ “ಲಗೂ ಹತ್ತು” ಎನ್ನುತ್ತಾಳೆ, ಹತ್ತುತ್ತೇನೆ. ಬಸ್ಸು ಹೊರಟ ಕೂಡಲೇ ಹಿಂದಿರುಗಿ ನೋಡಬೇಕೆಂದು ಜೀವ ಎಳೆಯುತ್ತದೆ. ಆದರೂ ಕತ್ತು ಬಿಗಿಹಿಡಿದು ಮುಂದೆಯೇ ನೋಡುತ್ತ ಕೂಡುತ್ತೇನೆ. ನನಗೆ ಗೊತ್ತಾಗಿದೆ ಎಂದು ತಿಳಿದರೆ ನಾಚಿ ನಿಲ್ಲಿಸಿಬಿಟ್ಟಾಳೆಂಬ ಹೆದರಿಕೆ ನನಗೆ.